ಐದು ಗಂಟೆ ಅಂದ್ರೆ ಬರೋದಾ, ಬಾರ್ಸೋದಾ?

ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ. ಭಾನುವಾರ ರಾತ್ರಿಯಿಂದ ತಲೆಯಲ್ಲೇ ಕೊರೀತಾ ಇರೋದನ್ನ ಇಲ್ಲಿ ಇಳಿಸ್ತಾ ಇದ್ದೀನಿ.

ಹೋದ ಭಾನುವಾರ ಹೈವೇ ಪಕ್ಕದ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ತಮಟೆ ತಂಡಕ್ಕೆ ಪ್ರೋಗ್ರಾಂ ಇತ್ತು. ಗಂಡಿನ ಕಡೆಯವರು ಬಂದಿಳಿಯುವಾಗ ಗೇಟಿನಿಂದ ಮಂಟಪದ ಬಾಗಿಲವರೆಗೆ ಮೆರವಣಿಗೆ, ಆಮೇಲೆ ಬಾಗಿಲ ಮುಂದೆ ಅರ್ಧ ಗಂಟೆ ಕುಣಿತ. ಸಂಜೆ 5ಕ್ಕೆ ಅಂತ ಮಾತು. ಹತ್ತು ಜನ, 15,000 ರೂಪಾಯಿ, ಅಡ್ವಾನ್ಸ್ 3,000. ಮಾತಾಡಿದ್ದು ಮದುವೆ ಮನೆಯವರಲ್ಲ, ಅವರು ಒಪ್ಪಿಸಿದ್ದ ಇವೆಂಟ್ ಕಂಪನಿಯ ಒಬ್ಬ ಹುಡುಗ. ಒಳ್ಳೆ ಹುಡುಗನೇ. ಅವನಿಗೂ ಮೇಲಿಂದ ಫೋನು ಬರ್ತಿರುತ್ತೆ, ಅವನು ನನಗೆ ಮಾಡ್ತಾನೆ.

ನಾವು ಊರು ಬಿಟ್ಟಿದ್ದು ಎರಡೂವರೆಗೆ. ಎರಡೂ ಐವತ್ತಕ್ಕೆ ವಾಟ್ಸಾಪ್ ಬಂತು: 'ಅಣ್ಣ ಟೈಮಿಂಗ್ ಶಿಫ್ಟ್ ಆಗಿದೆ, 7.30.' ಕೆಳಗೆ ಕೈಮುಗಿದ ಎಮೋಜಿ. ಟೆಂಪೊ ಆಗಲೇ ಟೋಲ್ ದಾಟಿತ್ತು. ವಾಪಸ್ ಹೋಗಿ ಮತ್ತೆ ಬರೋಕೆ ಡೀಸೆಲ್ ಯಾರು ಹಾಕಿಸ್ತಾರೆ? ಹಾಗೇ ಹೋದ್ವಿ. ಮಂಟಪ ತಲುಪಿದಾಗ 4.40. ಜನರೇಟರ್ ಹತ್ತಿರ ಜಾಗ ತೋರಿಸಿದ್ರು, ಕೂತ್ವಿ.

ಏಳೂವರೆ ಆಯ್ತು. ಗಂಡು ಹೆಣ್ಣು ಫೋಟೋ ಶೂಟಲ್ಲಿದ್ದಾರೆ ಅಂದ್ರು. ಎಂಟೂವರೆಗೆ ಡಿಜೆ ಶುರುವಾಗಿಬಿಡ್ತು, 'ಇದೊಂದು ಮುಗೀಲಿ ಅಣ್ಣ.' 9.35ಕ್ಕೆ ಆ ಹುಡುಗ ಓಡಿ ಬಂದ. 'ಅಣ್ಣ ಈಗ, ಈಗ, ಬೇಗ.' ಹದಿನೈದು ನಿಮಿಷಕ್ಕೂ ಕಡಿಮೆ ಬಾರಿಸಿರಬೇಕು, ಮಂಟಪದ ಮ್ಯಾನೇಜರ್ ಕೈ ಎತ್ತಿಕೊಂಡು ಬಂದ. 'ನಿಲ್ಸ್ರಯ್ಯಾ, ಹತ್ತಾಯ್ತು, ಪೊಲೀಸ್ ಬರ್ತಾರೆ.' ನಿಲ್ಲಿಸಿದ್ವಿ. ಲೆಕ್ಕ ಚುಕ್ತಾ ಮಾಡೋವಾಗ ಗಂಡಿನ ಸೋದರಮಾವ ಅಂತೆ ಒಬ್ಬರು ಬಂದು 4,000 ಕಡಿದುಕೊಂಡು ಕೊಟ್ರು. 'ನೀವು ಬಾರ್ಸಿದ್ದೇ ಹತ್ತು ನಿಮಿಷ ಕಣಪ್ಪಾ.'

ಹತ್ತು ನಿಮಿಷ ಅನ್ನೋ ಈ ಮಾತು ಇದೆಯಲ್ಲ, ಅದಕ್ಕೋಸ್ಕರ ಇಷ್ಟೆಲ್ಲ ಬರೀತಿರೋದು.

ತಮಟೆ ಏನು ಅಂತ ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡ್ತೀನಿ. ಉತ್ತರ ಕರ್ನಾಟಕದವರು ಹಲಗೆ ಅಂತೀರಲ್ಲ, ಹತ್ತಿರ ಹತ್ತಿರ ಅದೇ. ಒಂದು ಬಳೆ, ಅದಕ್ಕೆ ಬಿಗಿದ ಚರ್ಮ, ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆ ಕಡ್ಡಿ. ಸ್ವಿಚ್ ಹಾಕಿದರೆ ಸದ್ದು ಬರೋ ಸಾಮಾನಲ್ಲ ಇದು. ಚರ್ಮ ಬಿಗಿಯಾಗಬೇಕು ಅಂದ್ರೆ ಬೆಂಕಿಗೆ ಹಿಡಿದು ಕಾಯಿಸಬೇಕು. ಒಣಹುಲ್ಲೋ, ತೆಂಗಿನಗರಿಯೋ, ಹಳೇ ಪೇಪರೋ, ಸಿಕ್ಕಿದ್ದನ್ನ ಹಚ್ಚಿ ಸುತ್ತ ನಿಂತು ತಿರುಗಿಸಿ ತಿರುಗಿಸಿ ಕಾಯಿಸ್ತೀವಿ. ಬೆರಳಲ್ಲಿ ತಟ್ಟಿ ನೋಡ್ತೀವಿ. ಹದ ಬಂದಾಗ ಅದು ತಾನೇ ಹೇಳುತ್ತೆ. ಹದ ಬಂದ ಮೇಲೆ ಬಾರಿಸಲೇಬೇಕು. ಸುಮ್ಮನೆ ಇಟ್ಟುಕೊಂಡು ಕೂತರೆ ಚರ್ಮ ತಣ್ಣಗಾಗಿ ಸಡಿಲ ಆಗುತ್ತೆ. ಈ ಫೆಬ್ರವರಿ ರಾತ್ರಿ ಮಂಜು ಬೀಳೋ ಹೊತ್ತಲ್ಲಂತೂ ಕೇಳೋದೇ ಬೇಡ. ಮತ್ತೆ ಕಾಯಿಸು, ಮತ್ತೆ ಇಳೀತು, ಮತ್ತೆ ಕಾಯಿಸು. ಅವಸರದಲ್ಲಿ ಜಾಸ್ತಿ ಶಾಖ ಕೊಟ್ಟರೆ ಚರ್ಮ ಬಿರುಕು ಬಿಡುತ್ತೆ. ಆ ದಿನ ಏಳೂವರೆಗೆ ಒಂದು ಸಲ, ಎಂಟೂಕಾಲಿಗೆ ಒಂದು ಸಲ, 9.35ಕ್ಕೆ ಕಡೇ ಸಲ ಕಾಯಿಸಿದ್ವಿ. ಮಂಟಪದ ಒಳಗೆ ಬೆಂಕಿ ಹಚ್ಚಂಗಿಲ್ಲ, ಪಾರ್ಕಿಂಗಲ್ಲಿ ಕಾರುಗಳಿವೆ (ಅದು ಸರಿಯೇ, ನಾನಾಗಿದ್ದರೂ ಬಿಡ್ತಿರಲಿಲ್ಲ). ಹಾಗಾಗಿ ಮೂರು ಸಲವೂ ಕಾಂಪೌಂಡ್ ದಾಟಿ ರೋಡ್ ಪಕ್ಕ ಹೋಗಿ ಕಾಯಿಸಿಕೊಂಡು ಬಂದ್ವಿ. ಇದೆಲ್ಲ ಹತ್ತು ನಿಮಿಷದ ಲೆಕ್ಕಕ್ಕೆ ಬರಲ್ಲ.

ಇನ್ನು ಮನುಷ್ಯರ ಲೆಕ್ಕ. ಹದಿನೈದು ಸಾವಿರ ಅಂದ್ರೆ ಕೇಳೋರಿಗೆ ದೊಡ್ಡದಾಗಿ ಕೇಳುತ್ತೆ. ಟೆಂಪೊಗೆ 3,000. ಹತ್ತು ಜನಕ್ಕೆ ತಲಾ 1,000. ಉಳಿದ ಎರಡು ಸಾವಿರದಲ್ಲಿ ದಾರಿ ಟೀ ತಿಂಡಿ, ಬಟ್ಟೆ ಇಸ್ತ್ರಿ, ಹರಿದ ತಮಟೆ ರಿಪೇರಿ. ಟೆಂಪೊ ಹುಡುಗ ಎಂಟು ಗಂಟೆ ಆದ ಮೇಲೆ ವೇಟಿಂಗ್ ಹಾಕ್ತಾನೆ, ಆ ದಿನ 800 ಹಾಕಿದ. ಅವನದು ತಪ್ಪಲ್ಲ, ಗಾಡಿ ಸಾಲದ್ದು. ತಂಡದಲ್ಲಿ ಒಬ್ಬ ಗಾರೆ ಕೆಲಸ, ಇಬ್ಬರು ಗಾರ್ಮೆಂಟ್ಸ್, ಒಬ್ಬ ಡಿಗ್ರಿ ಓದೋ ಹುಡುಗ, ಒಬ್ಬ ಪೌರಕಾರ್ಮಿಕ. ಪೌರಕಾರ್ಮಿಕನಿಗೆ ಬೆಳಿಗ್ಗೆ ಆರಕ್ಕೆ ಹಾಜರಿ. ರಾತ್ರಿ ಹನ್ನೆರಡೂವರೆಗೆ ಮನೆ ಸೇರಿ ಐದಕ್ಕೆ ಎದ್ದು ಪೊರಕೆ ಹಿಡಿದ. ಸೋಮವಾರ ಫೋನ್ ಮಾಡಿದ್ದೆ. 'ನಿದ್ದೆ ಬಿಡಣ್ಣ, ಕೈ ಎತ್ತಕ್ ಆಯ್ತಿಲ್ಲ' ಅಂದ. ಮೂರು ಸಲ ಕಾಯಿಸಿ ಮೂರು ಸಲ ಕಾದು ಆಮೇಲೆ ಒಮ್ಮೆಗೇ ಬಾರಿಸಿದರೆ ಹಾಗೇ ಆಗುತ್ತೆ, ತೋಳು ಹಿಡ್ಕೊಳ್ಳುತ್ತೆ.

ಕೆಲವರು ಕೇಳಬಹುದು, ಇದರಲ್ಲಿ ಜಾತಿ ಎಲ್ಲಿದೆ, ಎಲ್ಲ ಕಲಾವಿದರಿಗೂ ಇದೇ ಗೋಳು ಅಂತ. ನಿಜ, ಆರ್ಕೆಸ್ಟ್ರಾದವರೂ ಕಾಯ್ತಾರೆ, ಬ್ಯಾಂಡ್‌ಸೆಟ್‌ನವರೂ ಕಾಯ್ತಾರೆ, ಆ ದಿನ ಫೋಟೋಗ್ರಾಫರ್ ಹುಡುಗರೂ ಊಟ ಇಲ್ಲದೆ ನಿಂತಿದ್ರು. ಆದರೆ ಒಂದು ಮದುವೆ ಮನೆಯಲ್ಲಿ ಯಾರ ಟೈಮ್ ಅಲ್ಲಾಡಲ್ಲ, ಯಾರದ್ದು ಅಲ್ಲಾಡುತ್ತೆ ಅಂತ ಸುಮ್ಮನೆ ಕೂತು ನೋಡಿ. ಪುರೋಹಿತರ ಮುಹೂರ್ತ ಅಲ್ಲಾಡಲ್ಲ. ಮುಹೂರ್ತ ಅಲ್ಲಾಡದ ಕಾರಣಕ್ಕೆ ಒಳಗೆ ಕೂತ ವಾಲಗದವರ ಟೈಮೂ ಅಲ್ಲಾಡಲ್ಲ. ಅಡುಗೆ ಭಟ್ಟರು 'ಸಾರು ಆರೋಗುತ್ತೆ' ಅಂದ್ರೆ ಪಂಕ್ತಿ ಹಾಕಿಬಿಡ್ತಾರೆ. ಡಿಜೆಯವನು 'ಒಂಬತ್ತರ ಮೇಲೆ ಎಕ್ಸ್‌ಟ್ರಾ ಸಾರ್' ಅಂತಾನೆ, ಮಾತಿಲ್ಲದೆ ಕೊಡ್ತಾರೆ. 'ಚರ್ಮ ಆರೋಗುತ್ತೆ ಸಾರ್' ಅಂತ ನಾವಂದ್ರೆ ಬರೋ ಉತ್ತರ, 'ಅಡ್ಜಸ್ಟ್ ಮಾಡ್ಕೊಳ್ರಪ್ಪಾ, ಏನೀಗ.' ಸಿಟ್ಟಲ್ಲಿ ಹೇಳೋ ಮಾತೂ ಅಲ್ಲ ಅದು. ಇವರಿಗೆ ಬೇರೆ ಕೆಲಸ ಏನಿರುತ್ತೆ ಅನ್ನೋ ನಂಬಿಕೆಯಲ್ಲಿ ಹೇಳೋದು.

ಆ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮ ತಾತ ಊರಿಗೆ ಕುಳುವಾಡಿ. ಊರಲ್ಲಿ ಯಾರು ಸತ್ತರೂ, ಮಧ್ಯರಾತ್ರಿಯಾದರೂ, ಕೇರಿ ಬಾಗಿಲಿಗೆ ಬಂದು ಕೂಗ್ತಿದ್ರು. ತಾತ ಎದ್ದು ತಮಟೆ ಕಾಯಿಸಿಕೊಂಡು ಹೋಗಬೇಕು. ಹೆಣ ಎತ್ತೋದು ನೆಂಟರು ಬಂದ ಮೇಲೆ. ನೆಂಟರು ಯಾವಾಗ ಬರ್ತಾರೋ ಆಗ. ಅಲ್ಲಿವರೆಗೂ ಬಾರಿಸ್ತಾ ಇರಬೇಕು, ಇಲ್ಲ ದೂರದಲ್ಲಿ ಕೂತು ಕಾಯ್ತಾ ಇರಬೇಕು. ಜಾತ್ರೆ ಸಾರು ಅಂದ್ರೆ ಸಾರಬೇಕು. ಹಬ್ಬ ನಾಳಿದ್ದಕ್ಕೆ ಹೋಯ್ತು ಅಂದ್ರೆ ಮತ್ತೆ ಊರೆಲ್ಲ ಸುತ್ತಿ ಮತ್ತೆ ಸಾರಬೇಕು. ಕೂಲಿ ಅಂತ ಇಲ್ಲ, ಸುಗ್ಗಿಯಲ್ಲಿ ಕಣದ ಹತ್ತಿರ ಹೋದರೆ ಒಂದಿಷ್ಟು ರಾಗಿ. ತಾತನಿಗೆ ತನ್ನದು ಅನ್ನೋ ಹೊತ್ತೇ ಇರಲಿಲ್ಲ. 1961ರಲ್ಲೇ ಗ್ರಾಮ ಅಧಿಕಾರ ರದ್ದತಿ ಕಾಯ್ದೆ ಬಂತು, ತೋಟಿ, ತಳವಾರಿಕೆ ಥರದ ಹುಟ್ಟಿನಿಂದ ಬರೋ ಊರ ಚಾಕರಿಗಳು ಕಾಗದದ ಮೇಲೆ ಹೋದವು. ಕೇರಿ ಬಾಗಿಲಲ್ಲಿ ನಿಂತು ಕೂಗೋ ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ. ಈಗ ಅದು ವಾಟ್ಸಾಪಲ್ಲಿ ಕೈಮುಗಿದ ಎಮೋಜಿ ಜೊತೆ ಬರುತ್ತೆ.

ದಲಿತ ಸಂಘರ್ಷ ಸಮಿತಿ ಊರೂರಿಗೆ ಬಂದಾಗ ನಮ್ಮಪ್ಪನ ವಾರಿಗೆಯವರು 'ಇನ್ಮೇಲೆ ಸಾವಿಗೆ ಬಾರ್ಸಲ್ಲ' ಅಂದ್ರು. ತಮಟೆಗಳನ್ನ ಅಟ್ಟಕ್ಕೆ ಎಸೆದ್ರು. ಆಮೇಲೆ ಅದೇ ತಮಟೆ ಕೆಳಗಿಳಿದು ಸಿದ್ಧಲಿಂಗಯ್ಯನವರ ಹಾಡುಗಳ ಜೊತೆ ಮೆರವಣಿಗೆ ಮುಂದೆ ನಡೀತು. ನಾನು ತಮಟೆ ಹಿಡಿದಿದ್ದು ಆ ಮೆರವಣಿಗೆಗಳಲ್ಲೇ. ದುಡ್ಡಿಗೆ ಬಾರಿಸೋದು ಆಮೇಲೆ ಶುರುವಾಗಿದ್ದು, ತಂಡ ಅಂತ ಕಟ್ಟಿಕೊಂಡು, ವಿಸಿಟಿಂಗ್ ಕಾರ್ಡ್ ಮಾಡಿಸಿಕೊಂಡು. ಸಂಘಟನೆಯ ಕೆಲವು ಗೆಳೆಯರು ಇವತ್ತೂ ಕೇಳ್ತಾರೆ, ಬಿಟ್ಟಿದ್ದನ್ನ ಮತ್ತೆ ಯಾಕ್ ಹಿಡ್ಕೊಂಡ್ರಿ ಅಂತ. ರೇಟು ನಾನು ಹೇಳ್ತೀನಿ, ಟೈಮು ನಾನು ಒಪ್ಪಿಕೊಳ್ತೀನಿ, ಬೇಡ ಅನ್ನಿಸಿದರೆ ಬೇಡ ಅಂತೀನಿ, ಅದು ತಾತನ ಬಾರಿಸುವಿಕೆ ಅಲ್ಲ ಅಂತ ವಾದ ಮಾಡ್ತಿದ್ದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಎದೆ ಉಬ್ಬಿಸಿಕೊಂಡು ತಿರುಗಿದ್ದೂ ನಿಜ. ಆದರೆ ಟೈಮು ನನ್ನದಲ್ಲ ಅಂದ ಮೇಲೆ ರೇಟು ಎಷ್ಟು ಹೇಳಿದ್ರೂ ಏನು? ಭಾನುವಾರ ಜನರೇಟರ್ ಪಕ್ಕ ಕೂತಾಗ ನನ್ನ ವಾದ ನನಗೇ ಪೊಳ್ಳು ಅನ್ನಿಸ್ತು.

ಹತ್ತು ಗಂಟೆ ಕಾನೂನಿನ ಬಗ್ಗೆಯೂ ಒಂದು ಮಾತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಮಾತ್ರ ಅಲ್ಲ, ವಾದ್ಯವನ್ನೂ ಬಾರಿಸುವಂತಿಲ್ಲ. ಕೆಲವು ಹಬ್ಬದ ದಿನಗಳಿಗೆ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ ಹದಿನೈದು ದಿನ ಮೀರದ ಹಾಗೆ. ಕಾನೂನಿನ ಮೇಲೆ ನನಗೆ ತಕರಾರಿಲ್ಲ, ಓದೋ ಮಕ್ಕಳು, ಹಸುಗೂಸು, ಕಾಯಿಲೆಯವರು ಎಲ್ಲ ಕಡೆ ಇರ್ತಾರೆ. ಆದರೆ ಅದೇ ನಿಯಮದಲ್ಲಿ ಮುಚ್ಚಿದ ಸಭಾಂಗಣದ ಒಳಗೆ ಒಳಗಿನವರಿಗಷ್ಟೇ ಕೇಳೋ ಸದ್ದಿಗೆ ವಿನಾಯಿತಿ ಇದೆ. ಅದರ ಹೆಸರಲ್ಲಿ ಒಳಗಿನ ಡಿಜೆ ಹತ್ತರ ಮೇಲೂ ನಡೆದುಬಿಡುತ್ತೆ, ಭಾನುವಾರ ನಾವು ಟೆಂಪೊ ಹತ್ತೋವಾಗಲೂ ಒಳಗೆ ಗುಂಯ್ ಅಂತಿತ್ತು. ತಮಟೆ ಬಯಲಿನ ವಾದ್ಯ. ನಮಗೆ ಹತ್ತು ಅಂದ್ರೆ ಗೋಡೆ. ಕಾರ್ಯಕ್ರಮ ಎರಡು ಗಂಟೆ ಮುಂದಕ್ಕೆ ಹೋದರೆ ಬೇರೆಯವರಿಗೆ ತಡ ಆಗುತ್ತೆ ಅಷ್ಟೆ, ನಮಗೆ ಇರೋ ಹೊತ್ತೇ ಕರಗಿಹೋಗುತ್ತೆ. ಕರಗಿಸಿದವರೇ ಆಮೇಲೆ 'ಹತ್ತು ನಿಮಿಷ ಬಾರ್ಸಿದ್ರಿ' ಅಂತ ದುಡ್ಡು ಕಡೀತಾರೆ.

ಸರ್ಕಾರಿ ಕಾರ್ಯಕ್ರಮಗಳ ಕಥೆ ಬೇರೆ, ಅಲ್ಲಿ ಮಂತ್ರಿಗಳ ಕಾರು ಬಂದಾಗ ಬೆಳಗು. ಅದನ್ನೆಲ್ಲ ಬರೆಯೋಕೆ ಹೋಗಲ್ಲ, ನಿಮಗೇ ಗೊತ್ತು. ಒಂದು ಮಾತ್ರ ಹೇಳ್ತೀನಿ. 2024ರ ಡಿಸೆಂಬರ್ 26ರ ರಾತ್ರಿ ಮನಮೋಹನ್ ಸಿಂಗ್ ತೀರಿಕೊಂಡರು. ಏಳು ದಿನ ಶೋಕಾಚರಣೆ ಅಂತ ಘೋಷಣೆಯಾಯ್ತು. ಬೆಳಗಾವಿಯಲ್ಲಿ ಮಾರನೇ ದಿನ ಆಗಬೇಕಿದ್ದ ಕಾಂಗ್ರೆಸ್ಸಿನ ಅಷ್ಟು ದೊಡ್ಡ ಸಮಾವೇಶವೇ ನಿಂತುಹೋಯ್ತು. ನಮಗೆ 28ಕ್ಕೆ ಒಂದು ಉತ್ಸವ ಇತ್ತು, ಅದೂ ನಿಂತಿತು. ನಿಲ್ಲಿಸಿದ್ದು ತಪ್ಪು ಅಂತ ಹೇಳ್ತಿಲ್ಲ, ದೊಡ್ಡ ಮನುಷ್ಯರು ಹೋದಾಗ ಹಾಗೆ ಮಾಡಬೇಕು. ಟೆಂಪೊಗೆ ಕೊಟ್ಟಿದ್ದ ಸಾವಿರ ಹೋಯ್ತು, ಮುಂದೂಡಿದ ಉತ್ಸವಕ್ಕೆ ನಮ್ಮನ್ನ ಮತ್ತೆ ಯಾರೂ ಕರೆಯಲಿಲ್ಲ. ಚಿಕ್ಕಪ್ಪ ಬೀಡಿ ಹಚ್ಕೊಂಡು ಅಂದಿದ್ದು ಮಾತ್ರ ಮರೆತಿಲ್ಲ. 'ನಮ್ಮಪ್ಪನ್ ಕಾಲ್ದಲ್ಲಿ ಯಾರಾನ ಸತ್ರೆ ಬಾ ಅಂತ ಎಬ್ಬುಸ್ತಿದ್ರು. ಈಗ ಸತ್ರೆ ಬರ್ಬ್ಯಾಡ ಅಂತಾರೆ. ಎಲ್ಡರಾಗೂ ಕೂಲಿ ಇಲ್ಲ ನೋಡ್ಲಾ.'

ಚಿಕ್ಕಪ್ಪ ನಮ್ಮ ತಂಡದ ಹಿರಿಯ, ಅರವತ್ತು ದಾಟಿದೆ. ಭಾನುವಾರದ ಕಥೆಯಲ್ಲಿ ಅವರ ಪಾಲು ಇನ್ನೂ ಹೇಳಿಲ್ಲ, ಆಮೇಲೆ ಬರ್ತೀನಿ. ಅದಕ್ಕಿಂತ ಮುಂಚೆ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅದನ್ನ ಬಿಟ್ಟು ಬರೀ ಮಂಟಪದವರನ್ನ ಬೈದರೆ ಈ ಬರಹ ಸುಳ್ಳಾಗುತ್ತೆ.

ಎರಡು ವರ್ಷದ ಹಿಂದೆ ನಮ್ಮ ತಾಲ್ಲೂಕಿನ ಅಂಬೇಡ್ಕರ್ ಜಯಂತಿ ಸಮಿತಿಯಲ್ಲಿ ಮೆರವಣಿಗೆ ಜವಾಬ್ದಾರಿ ನನ್ನದು. ನಾನು ಓಡಾಡಬೇಕಾದ್ದರಿಂದ ನಮ್ಮ ತಂಡ ಬೇಡ ಅಂತ ಪಕ್ಕದ ಹೋಬಳಿಯ ಒಂದು ತಂಡಕ್ಕೆ ಹೇಳಿದ್ದೆ. ಏಪ್ರಿಲ್ 14, ಬೆಳಿಗ್ಗೆ 10ಕ್ಕೆ ಬಸ್ ಸ್ಟ್ಯಾಂಡಿಂದ ಹೊರಡೋದು, ಒಂದು ಗಂಟೆಗೆ ಅಂಬೇಡ್ಕರ್ ಭವನ. ಅವರು ಒಂಬತ್ತೂವರೆಗೇ ಬಂದು ನಿಂತಿದ್ರು. ಮುಖ್ಯ ಅತಿಥಿ ಹನ್ನೆರಡಕ್ಕೆ ಬರ್ತಾರೆ ಅಂತ ಸುದ್ದಿ. ಹನ್ನೆರಡಕ್ಕೆ ಎರಡು ಗಂಟೆ ಅಂದ್ರು. ಕೊನೆಗೆ ಮೆರವಣಿಗೆ ಹೊರಟಿದ್ದು ಮೂರೂವರೆಗೆ. ಏಪ್ರಿಲ್ ಬಿಸಿಲು, ನೆರಳು ಅಂದ್ರೆ ಒಂದು ಪೆಟ್ಟಿಗೆ ಅಂಗಡಿಯ ತಗಡು. ನಾನು ಎಷ್ಟು ಸಲ ಹೋಗಿ ಹೇಳಿದೆನೋ, 'ಅಣ್ಣ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.' ನೋಡಿ, ಅದೇ ಮಾತು. ನನ್ನ ಬಾಯಲ್ಲಿ.

ಜಯಂತಿ ದಿನ ಯಾವ ತಮಟೆ ತಂಡವೂ ಒಂದೇ ಕಡೆ ಒಪ್ಪಿಕೊಂಡಿರಲ್ಲ. ವರ್ಷಕ್ಕೊಂದು ದಿನ, ಕೇರಿ ಕೇರಿಯಲ್ಲೂ ಮೆರವಣಿಗೆ. ಆ ತಂಡಕ್ಕೆ ಸಂಜೆ ನಾಲ್ಕಕ್ಕೆ ಇನ್ನೊಂದು ಊರಿನ ಕೇರಿಯಲ್ಲಿ ಇತ್ತು. ಅಲ್ಲಿ ಟ್ರ್ಯಾಕ್ಟರಿಗೆ ಬಾಳೆಕಂದು ಕಟ್ಟಿ, ಬಾಬಾಸಾಹೇಬರ ಫೋಟೋ ಇಟ್ಟು, ಹೆಂಗಸರು ಮಕ್ಕಳು ಆರತಿ ತಟ್ಟೆ ಹಿಡಿದು ಕಾದಿದ್ದಾರೆ. ನಮ್ಮ ಅತಿಥಿಗಳ ಭಾಷಣ ಶುರುವಾಗೋ ಹೊತ್ತಿಗೆ ಕತ್ತಲು. ಈ ತಂಡ ಅಲ್ಲಿ ಹೋಗಿ ಸೇರಿದಾಗ ಅವರು ಒಂದು ಟೇಪ್ ರೆಕಾರ್ಡರ್ ಸದ್ದಲ್ಲಿ ಮೆರವಣಿಗೆ ಮುಗಿಸಿ ಮನೆ ಸೇರಿದ್ರು. ತಂಡದವರಿಗೆ ಬೈಗುಳ ಸಿಕ್ತು, ದುಡ್ಡು ಸಿಗಲಿಲ್ಲ. ಆ ತಂಡದ ಯಜಮಾನರು ಮಾರನೇ ದಿನ ನನ್ನ ಹತ್ರ ಬಾಕಿ ಈಸ್ಕೊಳ್ಳೋಕೆ ಬಂದಾಗ ಕೂಗಾಡಲಿಲ್ಲ. ಚೀಟಿ ಎಣಿಸಿ ಜೇಬಿಗಿಟ್ಟುಕೊಂಡು ಒಂದೇ ಮಾತು ಕೇಳಿದ್ರು. 'ಅವ್ರು ಕಾಯ್ಸಿದ್ರೆ ಬಂದು ನಿಮ್ಮತ್ರ ಹೇಳ್ಕಂತೀವಿ. ನೀವೇ ಕಾಯ್ಸಿದ್ರೆ ಯಾರತ್ರ ಹೋಗನ ಸಾರ್?'

'ಸಾರ್' ಅಂದ್ರು ನನಗೆ. ಅಲ್ಲಿವರೆಗೆ ತಮ್ಮಾ ಅಂತಿದ್ದವರು.

ಆ ಸಂಜೆಯ ದುಡ್ಡು ಸಮಿತಿ ಖರ್ಚಲ್ಲಿ ತೋರಿಸಿ ಕೊಡಿಸೋಕೆ ನೋಡಿದೆ, ಸಮಿತಿಯವರು ಒಪ್ಪಲಿಲ್ಲ. ನನ್ನ ಕೈಯಿಂದಲೇ ಕೊಟ್ಟೆ, ಅವರು ಅರ್ಧ ಮಾತ್ರ ತಗೊಂಡ್ರು. ಮುಂದಿನ ವರ್ಷ ಸಮಿತಿ ಸಭೆಯಲ್ಲಿ ನಾನು ಹಠ ಹಿಡಿದೆ. ಮೆರವಣಿಗೆ ಹತ್ತಕ್ಕೆ ಅಂದ್ರೆ ಹತ್ತಕ್ಕೆ, ಅತಿಥಿಗಳು ಬಂದಾಗ ನಾವು ಎಲ್ಲಿರ್ತೀವೋ ಅಲ್ಲಿ ಸೇರಿಕೊಳ್ಳಲಿ. ಇಬ್ಬರು ಹಿರಿಯರು ಸಿಟ್ಟಾಗಿ ಎದ್ದು ಹೋದ್ರು, ಅತಿಥಿಗೆ ಅವಮಾನ ಅಂತ. ಹೋದ ಏಪ್ರಿಲ್‌ನಲ್ಲಿ ಹತ್ತೂ ಹತ್ತಕ್ಕೆ ಹೊರಟ್ವಿ. ಅತಿಥಿಗಳ ಕಾರು ಬಂದಾಗ ನಾವು ಸಂತೆ ಮೈದಾನದ ಹತ್ರ ಇದ್ವಿ. ಅವರು ಇಳಿದು ನಡೆದ್ರು, ಏನೂ ಬೇಜಾರಾಗಲಿಲ್ಲ. ಎರಡು ಹೆಜ್ಜೆ ಕುಣಿದ್ರು ಕೂಡ.

ಅದಾದ ಮೇಲೆ ನಮ್ಮ ತಂಡದ ಫೋನ್ ನಾನು ಬೇರೆ ಥರ ನೋಡಿಕೊಳ್ತಿದ್ದೀನಿ. ಅಲ್ಲಿವರೆಗೆ 'ಐದಕ್ಕೆ ಬನ್ನಿ' ಅಂದ್ರೆ 'ಆಯ್ತು ಸಾರ್' ಅಂತಿದ್ದೆ. ಗಲಾಟೆಯ ಮೂಲ ಅಲ್ಲೇ ಇತ್ತು. ಐದು ಅಂದ್ರೆ ನಾವು ಬರೋದಾ, ಬಾರಿಸೋದಾ? ಅವರ ತಲೇಲಿ ಐದು ಅಂದ್ರೆ ನಾವು ಅಲ್ಲಿರಬೇಕು, ಬಾರಿಸೋದು ಅವರಿಗೆ ಅನುಕೂಲ ಆದಾಗ. ಈಗ ಎರಡನ್ನೂ ಬೇರೆ ಬೇರೆ ಕೇಳಿ ವಾಟ್ಸಾಪಲ್ಲಿ ಬರೆದು ಕಳಿಸ್ತೀನಿ, 'ನಾಲ್ಕೂವರೆಗೆ ಬಂದಿರ್ತೀವಿ, ಐದರಿಂದ ಆರೂವರೆ ನಿಮ್ಮದು, ಅದು ದಾಟಿದರೆ ಗಂಟೆಗೆ ಇಷ್ಟು, ಅದೇ ದಿನ ಬೇಡ ಅಂದ್ರೆ ಟೆಂಪೊ ಮತ್ತು ಅರ್ಧ ಕೂಲಿ.' ಬರೆದು ಕಳಿಸಿದರೆ ಎಲ್ಲರೂ ಕೊಟ್ಟುಬಿಡ್ತಾರೆ ಅಂತೇನಿಲ್ಲ. ಭಾನುವಾರದ ಹುಡುಗನೂ 'ಓಕೆ ಅಣ್ಣ' ಅಂತ ಹಾಕಿದ್ದ. ಬರೆದದ್ದನ್ನ ನೋಡಿದ ಮೇಲೆ ಆರ್ಡರೇ ಕೊಡದೆ ಹೋದವರೂ ಇದ್ದಾರೆ. 'ಏನು ತಮಟೆಗೂ ಅಗ್ರಿಮೆಂಟಾ' ಅಂತ ನಕ್ಕರು ಒಬ್ಬರು. ತಂಡದ ಹುಡುಗರು ಇದರ ಮೇಲೆ ನನ್ನ ಜೊತೆ ಜಗಳ ಆಡಿದ್ದಾರೆ, ಸೀಸನ್ ಇರೋದೇ ಸಂಕ್ರಾಂತಿಯಿಂದ ಮೇವರೆಗೆ, ಆಷಾಢದಲ್ಲಿ ಮನೇಲಿ ಕೂರೋದೇ, ಬಂದ ಆರ್ಡರ್ ಬಿಡೋದಾ ಅಂತ. ಅವರು ಹೇಳೋದೂ ಸುಳ್ಳಲ್ಲ.

ಕೆಲವು ಪಾಠ ಕೈಯಿಂದ ಕಲಿತಿದ್ದೀವಿ. ನಾಲ್ಕು ಫೈಬರ್ ತಮಟೆ ಮಾಡಿಸಿಕೊಂಡಿದ್ದೀವಿ, ಅದಕ್ಕೆ ಬೆಂಕಿ ಬೇಡ. 'ಈಗ, ಈಗ' ಅಂತ ಓಡಿ ಬಂದಾಗ ಫೈಬರಲ್ಲಿ ಶುರು ಮಾಡೋದು, ಅಷ್ಟರಲ್ಲಿ ಉಳಿದವರು ಚರ್ಮದ್ದು ಕಾಯಿಸಿಕೊಂಡು ಬಂದು ಸೇರಿಕೊಳ್ಳೋದು. ಭಾನುವಾರ ಆ ಹದಿನೈದು ನಿಮಿಷವಾದರೂ ಸಿಕ್ಕಿದ್ದು ಇದರಿಂದಲೇ. ಚಿಕ್ಕಪ್ಪನಿಗೆ ಫೈಬರ್ ಕಂಡರೆ ಆಗಲ್ಲ. 'ತಗಡು ಬಡ್ದಂಗಾಯ್ತದೆ' ಅಂತಾರೆ, ಮುಟ್ಟಲ್ಲ. ನನಗೂ ಆ ಸದ್ದು ಇಷ್ಟ ಇಲ್ಲ, ಆದರೆ ಅದು ಕಾಯೋಕೆ ಹೇಸಲ್ಲ. ಇನ್ನೊಂದು, ಸುತ್ತಮುತ್ತಲ ನಾಲ್ಕು ತಂಡಗಳವರು ಒಂದು ಗ್ರೂಪ್ ಮಾಡಿಕೊಂಡಿದ್ದೀವಿ. ಒಬ್ಬರ ಟೈಮ್ ಬದಲಾಗಿ ಇನ್ನೊಂದಕ್ಕೆ ತಾಗಿದರೆ ಇಡೀ ಆರ್ಡರನ್ನ ಅಡ್ವಾನ್ಸ್ ಸಮೇತ ಬೇರೆ ತಂಡಕ್ಕೆ ಬಿಟ್ಟುಕೊಡೋದು, ಕಮಿಷನ್ ಹಿಡಿಯೋ ಹಾಗಿಲ್ಲ. ಇಬ್ಬರು ಕಡಿಮೆ ಬಿದ್ದರೆ ಅಲ್ಲಿಂದ ಇಬ್ಬರು ಬರ್ತಾರೆ. ಆ ಜಯಂತಿಯಲ್ಲಿ ಈ ಗ್ರೂಪ್ ಇದ್ದಿದ್ದರೆ ಆ ಕೇರಿಯ ಮಕ್ಕಳು ತಮಟೆ ಇಲ್ಲದೆ ಮೆರವಣಿಗೆ ಮಾಡ್ತಿರಲಿಲ್ಲ. ಗ್ರೂಪಿನ ಅಡ್ಮಿನ್ ಯಾರು ಗೊತ್ತಾ? ಆ ತಂಡದ ಯಜಮಾನರೇ. ಈಗ ಮತ್ತೆ ತಮ್ಮಾ ಅಂತಾರೆ.

ಕೇರಿಯ ಮದುವೆಗಳಿಗೆ, ನಮ್ಮ ಜನರ ಸಾವಿಗೆ ಈ ಯಾವ ನಿಯಮವೂ ಇಲ್ಲ. ಅಲ್ಲಿ ತಡ ಆಗೋದು ಬಸ್ ಸಿಗದೆ, ಸಾಲದ ದುಡ್ಡು ಕೈಗೆ ಬರದೆ. ಅಲ್ಲಿ ಕಾಯೋದು ಬೇರೆ.

ಈಗ ಚಿಕ್ಕಪ್ಪನ ವಿಷಯ. ಭಾನುವಾರ 4.40ಕ್ಕೆ ಇಳಿದ್ವಿ ಅಂದೆನಲ್ಲ. ಏಳೂವರೆಗೆ ಹೋಗಿದೆಯಂತೆ ಅಂತ ಹೇಳಿದ್ದಕ್ಕೆ ಚಿಕ್ಕಪ್ಪ 'ನಮಗ್ ಹೇಳಿದ್ದು ಐದಲ್ವಾ?' ಅಂತ ಕೇಳಿ, ರೋಡ್ ಪಕ್ಕ ನಾಲ್ಕು ಗರಿ ಹಚ್ಚಿ ತಮ್ಮ ತಮಟೆ ಒಂದನ್ನ ಕಾಯಿಸಿಕೊಂಡ್ರು. ಸರಿಯಾಗಿ ಐದಕ್ಕೆ ಗೇಟಿನ ಮುಂದೆ ನಿಂತು ಒಬ್ಬರೇ ಬಾರಿಸೋಕೆ ಶುರು ಮಾಡಿದ್ರು. ಯಾರೂ ಇಲ್ಲ ಅಲ್ಲಿ, ಹೂವಿನ ಕಮಾನು ಕಟ್ಟೋ ಹುಡುಗರು, ಒಂದು ನಾಯಿ. ಸೆಕ್ಯೂರಿಟಿಯವನು ಓಡಿ ಬಂದ, 'ಏಯ್ ಯಾರಯ್ಯಾ ಅದು, ಇನ್ನೂ ಟೈಮ್ ಆಗಿಲ್ಲ.' ಚಿಕ್ಕಪ್ಪ ನಿಲ್ಲಿಸಲಿಲ್ಲ. ಎರಡು ನಿಮಿಷ ಪೂರ್ತಿ ಬಾರಿಸಿ, ಕೋಲು ಕಂಕುಳಲ್ಲಿ ಸಿಗಿಸಿಕೊಂಡು ಹೇಳಿದ್ರು. 'ಆಯ್ತು ಕಣಪ್ಪ. ನಾವ್ ಬಂದಿದ್ದೀವಿ ಅಂತ ಹಾಜ್ರಿ ಹಾಕ್ದೆ.' ಪೌರಕಾರ್ಮಿಕ ಹುಡುಗ ಬಿದ್ದು ಬಿದ್ದು ನಕ್ಕ. ಡಿಗ್ರಿ ಹುಡುಗ ಅದನ್ನೆಲ್ಲ ಮೊಬೈಲಲ್ಲಿ ಹಿಡಿದಿದ್ದ, ಹಿಂದೆ ಹೂವಿನ ಕಮಾನು, ಮಂಟಪದ ಬೋರ್ಡು, ಗೋಡೆ ಗಡಿಯಾರ ಸಮೇತ.

ಸೋಮವಾರ ಆ ವಿಡಿಯೋವನ್ನ ಇವೆಂಟ್ ಹುಡುಗನಿಗೆ ಕಳಿಸಿದೆ. ಅದರ ಕೆಳಗೆ ಅವನ 'ಓಕೆ ಅಣ್ಣ' ಇರೋ ಸ್ಕ್ರೀನ್‌ಶಾಟ್. ಬೇರೆ ಒಂದಕ್ಷರ ಬರೀಲಿಲ್ಲ. ಮಂಗಳವಾರ ಸಂಜೆ 2,500 ಫೋನ್‌ಪೇ ಬಂತು. ಕಡಿದಿದ್ದು ನಾಲ್ಕು ಸಾವಿರ, ಇನ್ನೂ 1,500 ಬಾಕಿ. ವೇಟಿಂಗ್ ದುಡ್ಡಿನ ಮಾತೇ ಇಲ್ಲ. ಬಂದಿದ್ದರಲ್ಲಿ 800 ಟೆಂಪೊ ಹುಡುಗನಿಗೆ ಕೊಟ್ಟೆ.

ಇವತ್ತು ಮಧ್ಯಾಹ್ನ ಅದೇ ಹುಡುಗ ಫೋನ್ ಮಾಡಿದ್ದ. ಮುಂದಿನ ತಿಂಗಳು ಇನ್ನೊಂದು ಮಂಟಪದಲ್ಲಿ ಪ್ರೋಗ್ರಾಂ ಇದೆಯಂತೆ, ನಿಮ್ಮ ತಂಡವೇ ಬೇಕು ಅಂತಿದ್ದಾರೆ ಅಣ್ಣ, ಏಳಕ್ಕೆ ಅಂದ. ಮೊದಲು ಹಳೇ ಬಾಕಿ ಕಳಿಸು, ಆಮೇಲೆ ಹೇಳು, ಏಳು ಅಂದ್ರೆ ಬರೋದಾ, ಬಾರ್ಸೋದಾ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

'ಕೇಳಿ ಹೇಳ್ತೀನಿ ಅಣ್ಣ' ಅಂದ. ಇದನ್ನ ಬರೀತಿರೋ ಹೊತ್ತಿಗೆ ರಾತ್ರಿ ಹನ್ನೊಂದಾಗಿದೆ, ಇನ್ನೂ ಹೇಳಿಲ್ಲ.